ಮೈಕೇಲ್ ಫ್ಯಾರಡೇ: ಬೆರಗನ್ನು ಬಿಡದ ಕಮ್ಮಾರನ ಮಗನು

ಮಗುವಿನ ಕಣ್ಣಿಗೆ ಮಿಂಚುಹುಳವು ಒಂದು ದೊಡ್ಡ ಸಂಗತಿ. ಅದನ್ನು ಹಿಡಿಯುವುದಕ್ಕಾಗಿ ಬೇಲಿಯನ್ನು ದಾಟುವುದು. ಎಡವಿ ಬಿದ್ದರೂ ನಗುತ್ತಲೇ ಏಳುವುದು. ಅದೇ ಮಗುವು ಬೆಳೆದು ಸಂಸಾರದ ನೊಗಕ್ಕೆ ಹೆಗಲು ಕೊಟ್ಟ ಮೇಲೆ, ಮಳೆ ಬಂದೀತೋ ಬಾರದೋ, ಸಾಲ ತೀರೀತೋ ತೀರದೋ ಎಂದು ತಲೆ ತಗ್ಗಿಸಿ ನಡೆಯುವುದರಿಂದ, ಬೇಲಿಯ ತುಂಬ ಹುಳಗಳು ಹೊಳೆದರೂ ಕಾಣುವುದಿಲ್ಲ. ವಯಸ್ಸಿನೊಂದಿಗೆ ಚಿಂತೆ ಬರುವುದು ಲೋಕರೂಢಿ. ಆದರೆ ಚಿಂತೆಯು ಒಳಗೆ ಬಂದಾಗ ಬೆರಗೂ ನಗುವೂ ಮನೆ ಬಿಟ್ಟು ಹೋಗಲೇಬೇಕೋ? ಹೋಗಬೇಕಾಗಿಲ್ಲವೆಂದು ತೋರಿಸಿದ ಒಬ್ಬ ಮನುಷ್ಯನ ಚರಿತ್ರೆಯನ್ನು ನಾವು ಈ ಸಾರಿ ಪ್ರಿಯ ವಾಚಕರ ಮುಂದೆ ಇಡುತ್ತೇವೆ. ಆತನ ಹೆಸರು ಮೈಕೇಲ್ ಫ್ಯಾರಡೇ. ನಮ್ಮ ಮನೆಗಳಲ್ಲಿ ಬೆಳಗುವ ವಿದ್ಯುದ್ದೀಪಕ್ಕೂ, ಬಾವಿಯಿಂದ ನೀರೆತ್ತುವ ವಿದ್ಯುತ್ ಪಂಪಿಗೂ ಆಧಾರವಾದ ತತ್ವಗಳನ್ನು ಕಂಡುಹಿಡಿದವನು ಈತನೇ.

ಮೈಕೇಲನು ೧೭೯೧ನೇ ಇಸವಿ ಸೆಪ್ಟೆಂಬರ್ ೨೨ರಂದು ಲಂಡನ್ ಪಟ್ಟಣದ ಮಗ್ಗುಲಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯಾದ ಜೇಮ್ಸನು ಕಮ್ಮಾರನು. ದೇಹಸೌಖ್ಯವಿಲ್ಲದೆ ಎಷ್ಟೋ ದಿನ ಕುಲುಮೆಯ ಮುಂದೆ ನಿಲ್ಲಲಾರದವನು. ೧೮೦೧ರಲ್ಲಿ ಧಾನ್ಯದ ಬೆಲೆಯು ವಿಪರೀತವಾಗಿ ಏರಲು, ಈ ಹುಡುಗನ ಪಾಲಿಗೆ ಬಂದದ್ದು ವಾರಕ್ಕೆ ಒಂದು ರೊಟ್ಟಿ. ಒಂಬತ್ತು ವರ್ಷದ ಬಾಲಕನು ಅದನ್ನೇ ಏಳು ದಿನಕ್ಕೆ ಹಂಚಿಕೊಂಡು ತಿನ್ನಬೇಕಾಗಿತ್ತು. ಈ ಕುಟುಂಬದವರು ಸ್ಯಾಂಡೆಮನ್ನರ ಪಂಗಡವೆಂಬ ಚಿಕ್ಕ ಸಭೆಗೆ ಸೇರಿದವರು. ಆ ಸಭೆಯವರು ಸತ್ಯವೇದವನ್ನು ಸರಳವಾಗಿ ನಂಬಿ, ನಾಳೆಗೆಂದು ಹಣವನ್ನು ಕೂಡಿಡುವುದು ತಕ್ಕದ್ದಲ್ಲವೆಂದು ತಿಳಿದು ನಡೆಯುತ್ತಿದ್ದರು. ಈ ಪಾಠವು ಮೈಕೇಲನ ಮನಸ್ಸಿನಲ್ಲಿ ಚಿಕ್ಕಂದಿನಲ್ಲೇ ಬೇರೂರಿತು.

ಆತನ ಶಾಲಾವಿದ್ಯೆಯು ಓದು, ಬರಹ, ಲೆಕ್ಕ ಇಷ್ಟರಲ್ಲೇ ಮುಗಿಯಿತು. ಆ ಶಾಲೆಯ ಸಂಗತಿಯೊಂದನ್ನು ಹೇಳಬೇಕು. ಬಾಲಕನ ನಾಲಿಗೆಗೆ ರಕಾರವು ಬರುತ್ತಿರಲಿಲ್ಲ. ಅಣ್ಣನಾದ ರಾಬರ್ಟನ ಹೆಸರನ್ನು ಸಹ ಸರಿಯಾಗಿ ಹೇಳಲಾರದೆ ಇದ್ದನು. ಇದು ಹಟವೆಂದು ಬಗೆದ ಉಪಾಧ್ಯಾಯಿನಿಯು, ಅವನನ್ನು ಹೊಡೆಯುವುದಕ್ಕೆ ಬೆತ್ತ ತರಬೇಕೆಂದು ಅರ್ಧ ಪೆನ್ನಿಯ ಕಾಸನ್ನು ಆ ಅಣ್ಣನ ಕೈಯಲ್ಲೇ ಕೊಟ್ಟಳು. ರಾಬರ್ಟನು ಕಾಸನ್ನು ಗೋಡೆಯ ಆಚೆಗೆ ಎಸೆದು ನೆಟ್ಟಗೆ ತಾಯಿಯ ಬಳಿಗೆ ಓಡಿದನು. ತಾಯಿಯು ಮಕ್ಕಳಿಬ್ಬರನ್ನೂ ಆ ಶಾಲೆಯಿಂದ ಬಿಡಿಸಿಕೊಂಡಳು.

೧೮೦೪ರಲ್ಲಿ ಮೈಕೇಲನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಬಾಡಿಗೆಗೆ ಕೊಡುವ ವರ್ತಮಾನ ಪತ್ರಿಕೆಗಳನ್ನು ಮನೆಮನೆಗೆ ಹಂಚುತ್ತಿದ್ದನು. ಒಂದು ದಿನ ಒಂದು ಮನೆಯ ಬಾಗಿಲಲ್ಲಿ ಕಾಯುತ್ತಾ ನಿಂತಿರುವಾಗ, ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ತೂರಿಸಿದನು. ತಲೆ ಆಚೆಗೆ, ಮೈ ಈಚೆಗೆ. ಹಾಗಾದರೆ ತಾನು ನಿಜವಾಗಿ ಇರುವುದು ಯಾವ ಕಡೆಯಲ್ಲಿ ಎಂದು ಯೋಚನೆಗೆ ತೊಡಗಿದನು. ಅಷ್ಟರಲ್ಲಿ ಬಾಗಿಲು ತೆರೆಯಲು, ಥಟ್ಟನೆ ತಲೆಯನ್ನು ಎಳೆದುಕೊಳ್ಳಲು ಹೋಗಿ ಮೂಗಿಗೆ ಪೆಟ್ಟಾಗಿ ರಕ್ತ ಸುರಿಯಿತು. ಪ್ರಶ್ನೆಯು ಅಲ್ಲಿಗೇ ನಿಂತಿತು. ಪ್ರಶ್ನೆ ಕೇಳುವ ಅಭ್ಯಾಸವು ಮಾತ್ರ ನಿಲ್ಲಲಿಲ್ಲ.

೧೮೦೫ರಿಂದ ಏಳು ವರ್ಷ ಅದೇ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಸಬನ್ನು ಕಲಿತನು. ಬೇರೆಯವರು ಪುಸ್ತಕದ ಹೊರಮೈಯನ್ನು ನೋಡಿ ಕೆಲಸ ಮುಗಿಸಿದರೆ, ಈತನು ಒಳಗೇನಿದೆಯೆಂದು ಓದುತ್ತಿದ್ದನು. ಹೀಗೆ ವಿದ್ಯುಚ್ಛಕ್ತಿಯ ವಿಷಯವಾಗಿಯೂ ರಸಾಯನಶಾಸ್ತ್ರದ ವಿಷಯವಾಗಿಯೂ ಓದಿ, ಓದಿದ್ದನ್ನು ಕೈಯಿಂದ ಮಾಡಿ ನೋಡಿದನು. ೧೮೧೦ರಲ್ಲಿ ತಂದೆಯು ತೀರಿಕೊಂಡನು. ಕಮ್ಮಾರನಾಗಿದ್ದ ಅಣ್ಣನು ತಾನು ದುಡಿದದ್ದರಲ್ಲಿ ಒಂದೊಂದು ಷಿಲ್ಲಿಂಗ್ ಕೊಟ್ಟು ತಮ್ಮನನ್ನು ವಿಜ್ಞಾನದ ಉಪನ್ಯಾಸಗಳಿಗೆ ಕಳುಹಿಸಿದನು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ದಯೆಯಿಂದ, ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿದ್ಯಾಸಂಸ್ಥೆಯಲ್ಲಿ ಹಂಫ್ರಿ ಡೇವಿ ಎಂಬ ಪ್ರಖ್ಯಾತ ಪಂಡಿತನ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯ ಬಂತು. ಕೇಳಿದ್ದನ್ನೆಲ್ಲಾ ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ೧೮೧೩ರ ಮಾರ್ಚಿಯಲ್ಲಿ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವಾರಕ್ಕೆ ೨೫ ಷಿಲ್ಲಿಂಗ್ ಸಂಬಳದ ಸಹಾಯಕನಾದನು. ವಾಸಕ್ಕೆ ಮೇಲಂತಸ್ತಿನ ಎರಡು ಕೋಣೆಗಳು ದೊರೆತವು.

೧೮೨೧ರಲ್ಲಿ ಸಾರಾ ಬರ್ನಾರ್ಡ್ ಎಂಬ ತನ್ನ ಸಭೆಯ ಕನ್ಯೆಯನ್ನು ಮದುವೆಯಾದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪಾದರಸದ ಬಟ್ಟಲಿನೊಳಗೆ ಅಯಸ್ಕಾಂತವನ್ನು ನಿಲ್ಲಿಸಿ, ವಿದ್ಯುತ್ತು ಹರಿಯುವ ತಂತಿಯನ್ನು ಮೇಲಿನಿಂದ ಇಳಿಬಿಟ್ಟು ನೋಡಲು, ತಂತಿಯು ತಾನಾಗಿಯೇ ಅಯಸ್ಕಾಂತದ ಸುತ್ತ ತಿರುಗತೊಡಗಿತು. ವಿದ್ಯುತ್ ಮೋಟಾರಿಗೆ ಮೂಲವು ಇದೇ. ಆಗ ಮೂವತ್ತು ವರ್ಷ ತುಂಬಲಿದ್ದ ಆ ಪಂಡಿತನು ಏನು ಮಾಡಿದನು? ಕೈಗಳನ್ನು ಉಜ್ಜಿಕೊಳ್ಳುತ್ತಾ ಮೇಜಿನ ಸುತ್ತ ಕುಣಿದನು. ಜೊತೆಯಲ್ಲಿದ್ದ ಹೆಂಡತಿಯ ತಮ್ಮನನ್ನು ಆ ಸಂಜೆ ಕುದುರೆಗಳ ಆಟವನ್ನು ನೋಡಲು ಕರೆದುಕೊಂಡು ಹೋದನು. ಹತ್ತು ವರ್ಷಗಳ ತರುವಾಯ, ೧೮೩೧ನೇ ಇಸವಿ ಆಗಸ್ಟ್ ೨೯ರಂದು, ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಬಿಟ್ಟಾಗಲೂ ನಿಲ್ಲಿಸಿದಾಗಲೂ ಮತ್ತೊಂದಕ್ಕೆ ಜೋಡಿಸಿದ ಸೂಜಿಯು ಅಲುಗುವುದನ್ನು ಕಂಡನು. ಕೆಲವು ವಾರಗಳೊಳಗೆ, ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿದ ಮಾತ್ರಕ್ಕೆ ವಿದ್ಯುತ್ತು ಹುಟ್ಟುವುದನ್ನೂ ಕಂಡನು. ಜಲಪಾತದ ಬಲದಿಂದ ವಿದ್ಯುತ್ತನ್ನು ಹುಟ್ಟಿಸುವ ಈಗಿನ ಯಂತ್ರಗಳು ಕೆಲಸ ಮಾಡುವುದು ಇದೇ ತತ್ವದಿಂದ.

ಫ್ಯಾರಡೇ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಆದರೆ ಅವರ ಮನೆಯು ಮಕ್ಕಳಿಲ್ಲದ ಮನೆಯಾಗಿರಲಿಲ್ಲ. ಸಾರಾಳ ಒಡಹುಟ್ಟಿದವರ ಹೆಣ್ಣುಮಕ್ಕಳು ಬಂದು ಅವರೊಂದಿಗೆ ಬೆಳೆದರು. ಪ್ರಯೋಗಶಾಲೆಯ ಮೂಲೆಯಲ್ಲಿ ಹೊಲಿಗೆ ಹಿಡಿದು ಮೌನವಾಗಿ ಕುಳಿತಿರುವ ಹುಡುಗಿಯನ್ನು ಆತನು ಮರೆಯುತ್ತಿರಲಿಲ್ಲ. ಅವಳನ್ನು ನಗಿಸುವುದಕ್ಕೆ ಪೊಟ್ಯಾಸಿಯಮ್ ಎಂಬ ಲೋಹದ ಚೂರನ್ನು ನೀರಿಗೆ ಎಸೆಯುವನು. ಅದು ನೀರಿನ ಮೇಲೆ ಚಿಮ್ಮುತ್ತಾ ನೇರಿಳೆ ಬಣ್ಣದ ಜ್ವಾಲೆಯಾಗಿ ಓಡುವುದು. ಸಂಜೆಯಲ್ಲಿ ಸೈಕಲ್ಲಿನ ಪೂರ್ವಜನಂಥ ಒಂದು ಗಾಡಿಯನ್ನು ಹತ್ತಿ ಖಾಲಿಯಾದ ಉಪನ್ಯಾಸ ಮಂದಿರದ ಸುತ್ತ ಓಡಿಸುತ್ತಿದ್ದನು. ಮೃಗಾಲಯದಲ್ಲಿ ಕೋತಿಗಳ ಚೇಷ್ಟೆಯನ್ನು ಕಂಡು ಕಣ್ಣೀರು ಸುರಿಯುವ ತನಕ ನಗುತ್ತಿದ್ದನು.

ಇದರಿಂದ ಆತನಿಗೆ ಕಷ್ಟವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನಲವತ್ತೆಂಟನೇ ವಯಸ್ಸಿನ ಸುಮಾರಿಗೆ ಆತನ ಆರೋಗ್ಯವು ಕೆಟ್ಟಿತು. ತಲೆ ಸುತ್ತುವುದು, ಜ್ಞಾಪಕಶಕ್ತಿ ಕುಂದುವುದು, ನಿನ್ನೆ ಮಾಡಿದ್ದು ಇಂದು ನೆನಪಿಗೆ ಬಾರದು. ಬುದ್ಧಿಯಿಂದ ಬಾಳುವವನಿಗೆ ಇದಕ್ಕಿಂತ ಭಯಂಕರವಾದ ವಿಪತ್ತು ಯಾವುದು? ಕೆಲವು ವರ್ಷ ಕೆಲಸವನ್ನು ಬಹುಮಟ್ಟಿಗೆ ಬಿಡಬೇಕಾಯಿತು. ೧೮೪೪ರಲ್ಲಿ ಸಭೆಯೊಳಗೆ ಹುಟ್ಟಿದ ಭಿನ್ನಾಭಿಪ್ರಾಯದ ನಿಮಿತ್ತ, ಸಭಾಹಿರಿಯನಾಗಿದ್ದ ಆತನನ್ನೂ ಬೇರೆ ಕೆಲವರನ್ನೂ ಕೆಲವು ವಾರ ಸಭೆಯಿಂದ ಹೊರಗಿಟ್ಟರು. ತಿರಿಗಿ ಸೇರಿಸಿಕೊಂಡರೂ ಹಿರಿಯನ ಸ್ಥಾನವು ಮತ್ತೆ ದೊರೆತದ್ದು ೧೮೬೦ರಲ್ಲಿ. ಆದಾಗ್ಯೂ ಆತನು ಆ ಸಭೆಯನ್ನು ಬಿಟ್ಟು ಹೋಗಲಿಲ್ಲ.

ಈ ಕಾಯಿಲೆಯ ದಿನಗಳಲ್ಲಿ, ೧೮೪೧ರಲ್ಲಿ, ವಿಶ್ರಾಂತಿಗಾಗಿ ಸ್ವಿಟ್ಸರ್ಲೆಂಡ್ ದೇಶಕ್ಕೆ ಹೋದನು. ಅಲ್ಲಿ ಬೆಟ್ಟಗಳಲ್ಲಿ ಮೈಲಿಗಟ್ಟಲೆ ನಡೆದನು. ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲನ್ನು ನೋಡುತ್ತಾ ನಿಂತನು. ಇಂಟರ್‌ಲಾಕನ್ ಎಂಬ ಊರಿನಲ್ಲಿ ಕಮ್ಮಾರರು ಮೊಳೆಗಳನ್ನು ಬಡಿಯುವುದನ್ನು ನೋಡಿ ಸಂತೋಷಪಟ್ಟು, ಕುಲುಮೆಗೆ ಸಂಬಂಧಿಸಿದ್ದೆಲ್ಲವೂ ತನಗೆ ಪ್ರೀತಿ, ತನ್ನ ತಂದೆಯು ಕಮ್ಮಾರನಾಗಿದ್ದನೆಂದು ದಿನಚರಿಯಲ್ಲಿ ಬರೆದನು. ಯೂರೋಪಿನ ಪಂಡಿತರೆಲ್ಲರೂ ಗೌರವಿಸುತ್ತಿದ್ದ ಮನುಷ್ಯನಿಗೆ ತನ್ನ ಹುಟ್ಟು ನಾಚಿಕೆಯಾಗಿರಲಿಲ್ಲ. ವಿಶ್ರಾಂತಿಯ ನಂತರ ಕೆಲಸಕ್ಕೆ ಹಿಂದಿರುಗಿ, ಅಯಸ್ಕಾಂತವು ಬೆಳಕಿನ ಮೇಲೆಯೂ ಪ್ರಭಾವ ಬೀರುವುದೆಂದು ೧೮೪೫ರಲ್ಲಿ ಕಂಡುಹಿಡಿದನು. ಮರೆವು ಮಾತ್ರ ಪೂರ್ಣವಾಗಿ ವಾಸಿಯಾಗಲಿಲ್ಲ. ಆದಕಾರಣ ಪ್ರಯೋಗಗಳನ್ನೆಲ್ಲಾ ಕ್ರಮಸಂಖ್ಯೆ ಹಾಕಿ ಬರೆದಿಡುವ ತನ್ನ ಪದ್ಧತಿಯನ್ನು ಊರುಗೋಲಾಗಿ ಹಿಡಿದುಕೊಂಡು ನಡೆದನು.

ಬೆರಗುಳ್ಳ ಮನಸ್ಸು ಎಂದರೆ ಹೇಳಿದ್ದನ್ನೆಲ್ಲಾ ನಂಬುವ ಮನಸ್ಸಲ್ಲ. ೧೮೫೩ರಲ್ಲಿ ಲಂಡನ್ನಿನ ಜನರಿಗೆ ಒಂದು ಹುಚ್ಚು ಹಿಡಿದಿತ್ತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಕೈಗಳನ್ನು ಅದರ ಮೇಲಿಟ್ಟರೆ ಮೇಜು ತಾನಾಗಿ ತಿರುಗುವುದು. ಇದು ಪ್ರೇತಗಳ ಕೆಲಸವೆಂದು ಅನೇಕರು ನಂಬಿದರು. ಫ್ಯಾರಡೇಯು ಗೇಲಿ ಮಾಡಿ ಸುಮ್ಮನಾಗಲಿಲ್ಲ. ಮಗುವಿನಂತೆ, ಅದು ಹೇಗೆಂದು ಕೇಳಿದನು. ಕೈಗೂ ಮೇಜಿಗೂ ನಡುವೆ ಜರುಗುವ ರಟ್ಟಿನ ಪದರಗಳನ್ನಿಟ್ಟು, ಯಾವುದು ಮೊದಲು ಸರಿಯುವುದೆಂದು ತೋರಿಸುವ ಕಡ್ಡಿಯೊಂದನ್ನು ಜೋಡಿಸಿದನು. ಮೊದಲು ಸರಿದದ್ದು ಮೇಜಲ್ಲ, ಕುಳಿತವರ ಕೈಗಳೇ. ಅವರು ತಮಗೆ ತಿಳಿಯದೆಯೇ ನೂಕುತ್ತಿದ್ದರು. ಆ ಕಡ್ಡಿಯು ಅವರ ಕಣ್ಣಿಗೆ ಕಾಣುವಂತೆ ಇಟ್ಟಾಗ ಮೇಜಿನ ತಿರುಗಾಟವೂ ನಿಂತುಹೋಯಿತು. ಹೆದರಿದವನು ಕತ್ತಲೆಯಲ್ಲಿ ಭೂತವನ್ನು ಕಾಣುವನು. ಬೆರಗಾದವನು ದೀಪ ಹಿಡಿದು ನೋಡುವನು.

ಆತನ ಕೆಲಸಗಳಲ್ಲಿ ನಮಗೆ ಅತಿಪ್ರಿಯವಾದದ್ದು ಮಕ್ಕಳಿಗಾಗಿ ಮಾಡಿದ ಉಪನ್ಯಾಸಗಳು. ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗೆ ವಿಜ್ಞಾನವನ್ನು ತಿಳಿಸುವ ಏರ್ಪಾಡು ಆ ಸಂಸ್ಥೆಯಲ್ಲಿ ೧೮೨೫ರಲ್ಲಿ ಪ್ರಾರಂಭವಾಯಿತು. ೧೮೨೭ರಿಂದ ೧೮೬೦ರವರೆಗೆ ಫ್ಯಾರಡೇಯೇ ೧೯ ಸಾರಿ ಆ ಉಪನ್ಯಾಸಮಾಲೆಗಳನ್ನು ನಡೆಸಿದನು. ಒಮ್ಮೆ ದೊಡ್ಡ ವಿದ್ಯುದಯಸ್ಕಾಂತದ ಶಕ್ತಿಯನ್ನು ತೋರಿಸುವುದಕ್ಕಾಗಿ ಕಲ್ಲಿದ್ದಲಿನ ಬುಟ್ಟಿ, ಇಕ್ಕಳ, ಬೆಂಕಿ ಕೆದಕುವ ಸರಳು ಇವುಗಳನ್ನು ಅದರ ಕಡೆಗೆ ಎಸೆಯಲು, ಅವೆಲ್ಲಾ ಅಲ್ಲೇ ಅಂಟಿ ನಿಂತವು. ಮಕ್ಕಳ ಸಂತೋಷವನ್ನು ಹೇಳತೀರದು. ೧೮೫೫ರ ಕ್ರಿಸ್ಮಸ್ ಕಾಲದಲ್ಲಿ ರಾಣಿಯ ಮಕ್ಕಳಿಬ್ಬರು ಸಹ ಬಂದು ಮುಂದಿನ ಸಾಲಿನಲ್ಲಿ ಕುಳಿತರು.

ಕಡೆಯ ಸಾರಿ, ೧೮೬೦ರ ಚಳಿಗಾಲದಲ್ಲಿ, ಅರವತ್ತೊಂಬತ್ತು ವರ್ಷದ ಆ ವೃದ್ಧನು ಆರಿಸಿಕೊಂಡ ವಿಷಯವು ಒಂದು ಮೇಣದ ಬತ್ತಿ. ಆರು ಉಪನ್ಯಾಸಗಳು ಆ ಬತ್ತಿಯ ಬೆಳಕಿನಲ್ಲೇ ನಡೆದವು. ಜ್ವಾಲೆಯ ಬಿಸಿಗೆ ಮೇಣವು ಕರಗುವುದು. ಮೇಲಕ್ಕೆ ಏರುವ ತಂಪುಗಾಳಿಯು ಅಂಚನ್ನು ಗಟ್ಟಿಯಾಗಿ ಇಡುವುದರಿಂದ ಬತ್ತಿಯ ತಲೆಯು ಬಟ್ಟಲಿನಂತಾಗುವುದು. ಆ ಬಟ್ಟಲಿನ ದ್ರವವು ದಾರದ ಎಳೆಗಳ ಸಂದುಗಳಲ್ಲಿ ತಾನಾಗಿ ಹತ್ತಿ, ಆವಿಯಾಗಿ ಉರಿಯುವುದು. ಬತ್ತಿಯನ್ನು ಮೆಲ್ಲಗೆ ಆರಿಸಿ, ಏಳುವ ಬಿಳಿ ಹೊಗೆಗೆ ಒಂದೆರಡು ಅಂಗುಲ ದೂರದಲ್ಲಿ ಉರಿಯುವ ಕಡ್ಡಿಯನ್ನು ಹಿಡಿದರೆ, ಬೆಂಕಿಯು ಹೊಗೆಯ ದಾರಿಯಲ್ಲಿ ಓಡಿ ಬತ್ತಿಯನ್ನು ತಿರಿಗಿ ಹೊತ್ತಿಸುವುದು. ಜ್ವಾಲೆಯ ಹಳದಿ ಬೆಳಕು ಅದರೊಳಗೆ ಕೆಂಡದಂತೆ ಕಾದ ಕಾಡಿಗೆಯ ಕಣಗಳಿಂದ ಬರುವುದು. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆಯನ್ನು ಹಿಡಿದರೆ ನೀರಿನ ಹನಿ ಕೂಡುವುದು, ಬೆಂಕಿಯಿಂದ ನೀರು! ಕೊನೆಗೆ ಆತನು ಮಕ್ಕಳಿಗೆ ತಿಳಿಸಿದ್ದೇನಂದರೆ: ನಾವು ಉಣ್ಣುವ ಅನ್ನವು ಸಹ ನಮ್ಮ ಮೈಯೊಳಗೆ ಜ್ವಾಲೆಯಿಲ್ಲದೆ ಮೆಲ್ಲಗೆ ಉರಿಯುತ್ತದೆ, ಬತ್ತಿಯು ಬಿಡುವ ಅದೇ ಇಂಗಾಲಾಮ್ಲ ವಾಯುವನ್ನು ನಾವೂ ಉಸಿರಿನಲ್ಲಿ ಬಿಡುತ್ತೇವೆ, ನಾವು ಬಿಟ್ಟದ್ದನ್ನು ಗಿಡಮರಗಳು ಆಹಾರವಾಗಿ ತೆಗೆದುಕೊಳ್ಳುತ್ತವೆ. ಆದಕಾರಣ ಮಕ್ಕಳು ತಾವೂ ಬತ್ತಿಗಳಂತೆ ಸುತ್ತಲಿನವರಿಗೆ ಬೆಳಕಾಗಲೆಂದು ಹಾರೈಸಿ ಮುಗಿಸಿದನು. ಈ ಉಪನ್ಯಾಸಗಳು ೧೮೬೧ರಲ್ಲಿ ಪುಸ್ತಕವಾಗಿ ಅಚ್ಚಾದವು; ಅದನ್ನು ಜನರು ಇಂದಿಗೂ ಓದುತ್ತಾರೆ.

ಆತನ ಬೆರಗು ಹೇಗೆ ಕೊನೆಯವರೆಗೆ ಉಳಿಯಿತು? ನಮಗೆ ತೋರುವುದೇನಂದರೆ, ಹೊರಬೇಕಾಗಿಲ್ಲದ ಹೊರೆಗಳನ್ನು ಆತನು ಹೊರಲಿಲ್ಲ. ಕಾರ್ಖಾನೆಗಳವರಿಗೆ ಸಲಹೆ ಹೇಳಿ ಬಹಳ ಹಣ ಗಳಿಸಬಹುದಾಗಿದ್ದರೂ, ಅದನ್ನು ಬಿಟ್ಟು, ವರ್ಷಕ್ಕೆ ನೂರು ಪೌಂಡು, ವಾಸಕ್ಕೆ ಮನೆ, ಉರಿಸಲು ಇದ್ದಲು ಮತ್ತು ಮೇಣದ ಬತ್ತಿ ಇಷ್ಟನ್ನು ಕೊಡುವ ಸಂಸ್ಥೆಯಲ್ಲೇ ನಿಂತನು. ಸರ್ ಎಂಬ ಬಿರುದನ್ನೂ, ಇಂಗ್ಲೆಂಡಿನ ವಿದ್ವಾಂಸರ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನೂ ಬೇಡವೆಂದು, ಕೊನೆಯ ತನಕ ಬರಿಯ ಮೈಕೇಲ್ ಫ್ಯಾರಡೇಯಾಗಿಯೇ ಇದ್ದನು. ನಾಳಿನದನ್ನು ದೇವರಿಗೆ ಒಪ್ಪಿಸಿದವನ ಕಣ್ಣು ಇಂದಿನದನ್ನು ನೋಡುವುದಕ್ಕೆ ಬಿಡುವಾಗಿತ್ತು.

೧೮೫೮ರಲ್ಲಿ ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟ್ ಎಂಬಲ್ಲಿ ಆತನ ವಾಸಕ್ಕೆ ಮನೆಯನ್ನು ಕೊಟ್ಟಳು. ಅಲ್ಲಿ ಆತನ ಜ್ಞಾಪಕವು ದಿನೇ ದಿನೇ ಕ್ಷೀಣಿಸಿತು, ಮಾತೂ ಕಡಿಮೆಯಾಯಿತು. ಆದರೆ ಗುಡುಗು ಮಿಂಚು ಬಂದರೆ, ಸೂರ್ಯನು ಮುಳುಗುವ ವೇಳೆಯಾದರೆ, ಕಿಟಕಿಯ ಬಳಿ ಕುಳಿತು ನೋಡುವ ಆನಂದವು ತಪ್ಪಲಿಲ್ಲ. ಹೆಸರುಗಳು ಮರೆತವು, ಬೆರಗು ಮರೆಯಲಿಲ್ಲ. ೧೮೬೭ನೇ ಇಸವಿ ಆಗಸ್ಟ್ ೨೫ರಂದು ತನ್ನ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಶಾಂತವಾಗಿ ಪ್ರಾಣ ಬಿಟ್ಟನು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಆತನ ಸಮಾಧಿಯ ಕಲ್ಲಿನ ಮೇಲೆ ಹೆಸರೂ ತಾರೀಖುಗಳೂ ಹೊರತು ಬೇರೆ ಹೊಗಳಿಕೆಯಿಲ್ಲ.

ಪ್ರಿಯ ವಾಚಕರೇ, ಕರ್ತನು ಒಂದು ಚಿಕ್ಕ ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದ್ದನ್ನು ನಾವು ಬಲ್ಲೆವು. ಬೆರಗಾಗುವುದಕ್ಕೆ ಹಣ ಬೇಡ, ವಿದ್ಯಾಶಾಲೆಯ ಪದವಿಯೂ ಬೇಡ. ವಾರಕ್ಕೊಂದು ರೊಟ್ಟಿ ತಿಂದ ಹುಡುಗನಿಗೆ ಅದು ಸಾಧ್ಯವಾಯಿತು. ಸಾಲವೂ ಮಳೆಯೂ ಮಗಳ ಮದುವೆಯೂ ನಮ್ಮನ್ನು ಬಿಡವು, ನಿಜ. ಆದರೂ ಇಂದು ಸಂಜೆ ಮನೆಯಲ್ಲಿ ದೀಪ ಹೊತ್ತಿಸುವಾಗ ಮಗುವು ಬಂದು ಇದು ಹೇಗೆ ಉರಿಯುತ್ತದೆಂದು ಕೇಳಿದರೆ, ಅದನ್ನು ಗದರಿಸಿ ಕಳುಹಿಸದೆ, ಅದರ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಆ ಜ್ವಾಲೆಯನ್ನು ನೋಡೋಣ.