ಮೇರಿ ಕ್ಯೂರಿಯವರ ಎಕ್ಸ್‌ರೇ ತರಗತಿ

ಬೋಧನಾ ಅಭ್ಯಾಸದ ಎರಡನೇ ವಾರ. ಹತ್ತನೇ ತರಗತಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಮಾಡುತ್ತಿದ್ದೆ. ಆ ಪಾಠದಲ್ಲಿ ಎಂ.ಆರ್.ಐ. ಸ್ಕ್ಯಾನಿಂಗ್ ಬಗ್ಗೆ ನಾಲ್ಕು ಮಾತಿದೆ. ಅದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಜ್ಜಿಯ ಕೈ ಮುರಿದಾಗ ಎಕ್ಸ್‌ರೇ ತೆಗೆದವರು ಡಾಕ್ಟರರೇ, ಆ ಕೆಲಸವನ್ನು ತಾನೂ ಕಲಿಯಬಹುದೇ ಎಂದು ಕೇಳಿದಳು. ಆ ಕಿರಣಗಳು ಅಪಾಯ, ಹೆಣ್ಣುಮಕ್ಕಳಿಗೆ ಅದೆಲ್ಲ ಬೇಡ ಎಂದುಬಿಟ್ಟೆ. ಅವಳು ಕುಳಿತಳು. ನಾನು ಕಪ್ಪುಹಲಗೆಯ ಕಡೆ ತಿರುಗಿದೆ.

ಪಿಯುಸಿ ಮುಗಿಸಿ ಇಮೇಜಿಂಗ್ ಟೆಕ್ನಾಲಜಿ ಓದುತ್ತೇನೆಂದಾಗ ನಮ್ಮ ಮನೆಯಲ್ಲಿ ನನಗೂ ಇದೇ ಉತ್ತರ ಸಿಕ್ಕಿತ್ತು. ಅದನ್ನೇ ಯೋಚಿಸದೆ ಇನ್ನೊಬ್ಬಳಿಗೆ ದಾಟಿಸಿದ್ದೆ. ಪಾಠ ವೀಕ್ಷಿಸಿದ ಮಾರ್ಗದರ್ಶಕರು ವಿದ್ಯಾರ್ಥಿನಿಯ ಪ್ರಶ್ನೆ ಹಾಗೇ ಉಳಿಯಿತು ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಆ ಪ್ರಶ್ನೆಯ ಹಿಂದೆ ಹೋದಾಗ ಸಿಕ್ಕಿದವರು ಮೇರಿ ಕ್ಯೂರಿ. ಎರಡು ನೊಬೆಲ್ ಬಹುಮಾನ ಪಡೆದ ವಿಜ್ಞಾನಿಯಾಗಿ ಅವರನ್ನು ನಾವೆಲ್ಲ ಬಲ್ಲೆವು. ನಾನು ಇಲ್ಲಿ ಹೇಳಹೊರಟಿರುವುದು ಶಿಕ್ಷಕಿ ಮೇರಿಯವರ ಬದುಕನ್ನು.

ಅವರು ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟರು. ತಾಯಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಮೇರಿಗೆ ಹತ್ತು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಆಗ ಊರು ರಷ್ಯದ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅಕ್ಕ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಲೆಂದು ಮೇರಿ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿ ಹಣ ಕಳಿಸಿದರು. ಬಿಡುವಿನಲ್ಲಿ ಹಳ್ಳಿಯ ರೈತರ ಮಕ್ಕಳಿಗೆ ಪೋಲಿಷ್ ಓದುಬರಹ ಕಲಿಸುತ್ತಿದ್ದರು. ಸರ್ಕಾರಕ್ಕೆ ಗೊತ್ತಾದರೆ ಶಿಕ್ಷೆಯಾಗುವಂಥ ಕೆಲಸ ಅದು.

1891ರಲ್ಲಿ ಅವರು ತಾವೂ ಪ್ಯಾರಿಸ್ಸಿಗೆ ಹೋದರು. ಸೋರ್ಬಾನ್‌ನಲ್ಲಿ 1893ರ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಮೊದಲನೆಯವರಾಗಿ, ಮರುವರ್ಷ ಗಣಿತದಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. 1895ರಲ್ಲಿ ಪಿಯರ್ ಕ್ಯೂರಿಯವರೊಡನೆ ಮದುವೆಯಾಯಿತು. 1898ರಲ್ಲಿ ಗಂಡಹೆಂಡಿರು ಸೇರಿ ಪೊಲೋನಿಯಂ, ರೇಡಿಯಂ ಎಂಬ ಎರಡು ಧಾತುಗಳನ್ನು ಕಂಡುಹಿಡಿದರು. 1900ರಿಂದ ಮೇರಿ ಸೆವ್ರ್ ಎಂಬಲ್ಲಿನ ಮಹಿಳಾ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟರು. ನಮ್ಮಂಥ ಪ್ರಶಿಕ್ಷಣಾರ್ಥಿಗಳ ಕೈಗೆ ಉಪಕರಣ ಕೊಟ್ಟು ಪ್ರಯೋಗದ ಮೂಲಕ ಕಲಿಸಿದ್ದು ಅಲ್ಲಿ ಅವರು ತಂದ ಬದಲಾವಣೆ. ರೇಡಿಯಂ ಬೇರ್ಪಡಿಸುವ ಕೆಲಸ, ಈ ಪಾಠ, ಮನೆಯ ಕೂಸು ಎಲ್ಲವೂ ಒಟ್ಟೊಟ್ಟಿಗೆ ನಡೆದವು.

1906ರಲ್ಲಿ ಪಿಯರ್ ಕುದುರೆಗಾಡಿಯ ಅಪಘಾತದಲ್ಲಿ ತೀರಿಕೊಂಡರು. ಅವರ ಪಾಠವನ್ನು ಮುಂದುವರಿಸಿದ ಮೇರಿ ಸೋರ್ಬಾನ್‌ನ ಮೊದಲ ಮಹಿಳಾ ಬೋಧಕರಾದರು. ಆ ವರ್ಷಗಳಲ್ಲೇ ಕೆಲವು ಪ್ರಾಧ್ಯಾಪಕ ಮಿತ್ರರೊಡನೆ ಸೇರಿ ತಮ್ಮ ತಮ್ಮ ಮಕ್ಕಳಿಗೆ ಸರದಿಯಂತೆ ಪಾಠ ಮಾಡಿದರು. ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಶಾಯಿಯಲ್ಲಿ ಅದ್ದಿ, ಇಳಿಜಾರು ಹಲಗೆಯ ಮೇಲೆ ಎಸೆದು, ಬೀಳುವ ವಸ್ತುವಿನ ದಾರಿಯನ್ನು ಮಕ್ಕಳೇ ನೋಡುವಂತೆ ಮಾಡಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕ್ಷ-ಕಿರಣಗಳನ್ನು ಕಂಡುಹಿಡಿದದ್ದು ಮೇರಿ ಅಲ್ಲ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಕಂಡುಹಿಡಿದರು. ಆದರೆ 1914ರಲ್ಲಿ ಮಹಾಯುದ್ಧ ಶುರುವಾದಾಗ ಯುದ್ಧಭೂಮಿಯ ಹತ್ತಿರದ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಯಂತ್ರಗಳಿಲ್ಲವೆಂಬುದನ್ನು ಕಂಡು ಮೇರಿ ಸುಮ್ಮನೆ ಕೂರಲಿಲ್ಲ. ಗುಂಡು ಎಲ್ಲಿದೆಯೆಂದು ತಿಳಿಯದೆ ವೈದ್ಯರು ಗಾಯವನ್ನು ಕೆದಕುತ್ತಿದ್ದರು. ಅವರು ಮೋಟಾರು ವಾಹನಗಳಲ್ಲಿ ಎಕ್ಸ್‌ರೇ ಕೊಳವೆ, ಮೇಜು, ಪರದೆಗಳನ್ನು ಹೊಂದಿಸಿದರು. ವಾಹನದ ಎಂಜಿನ್ನಿನಿಂದಲೇ ಡೈನಮೊ ತಿರುಗಿಸಿ ವಿದ್ಯುತ್ ಪಡೆದರು. ಎರಡು ನೊಬೆಲ್ ಪಡೆದಿದ್ದ ಅವರು ಅಂಗರಚನಾಶಾಸ್ತ್ರ ಓದಿದರು, ವಾಹನ ಓಡಿಸಲು ಕಲಿತರು, ಅದರ ರಿಪೇರಿಯನ್ನೂ ಕಲಿತರು. ಹದಿಹರೆಯದ ಮಗಳು ಐರೀನ್ ಜೊತೆಗೆ ಹೊರಟಳು. ಯುದ್ಧ ಮುಗಿಯುವಷ್ಟರಲ್ಲಿ ಇಂಥ ಸುಮಾರು 20 ವಾಹನಗಳೂ ಆಸ್ಪತ್ರೆಗಳಲ್ಲಿ 200 ಎಕ್ಸ್‌ರೇ ಕೋಣೆಗಳೂ ಸಿದ್ಧವಾಗಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳ ತಪಾಸಣೆ ಅವುಗಳಲ್ಲಿ ನಡೆಯಿತೆಂದು ಅಂದಾಜು.

ಯಂತ್ರಗಳು ಬಂದವು. ನಡೆಸುವವರಿರಲಿಲ್ಲ. 1916ರಿಂದ ಮೇರಿ ಮಹಿಳೆಯರಿಗಾಗಿ ತರಬೇತಿ ಆರಂಭಿಸಿದರು. ಬಂದವರೆಲ್ಲ ಹೆಚ್ಚು ಓದಿದವರಲ್ಲ. ವಿದ್ಯುತ್ತಿನ ಮೂಲಪಾಠ, ಕ್ಷ-ಕಿರಣಗಳ ಪಾಠ, ಅಂಗರಚನೆ, ಜೊತೆಗೆ ಯಂತ್ರದ ಮೇಲೆ ಕೈಯಾರೆ ಅಭ್ಯಾಸ. ಪಾಠ ಹೇಳಲು ಐರೀನ್ ನೆರವಾದಳು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 150 ಮಹಿಳೆಯರು ಆ ಕೆಲಸ ಕಲಿತಿದ್ದರು. ನನ್ನ ತರಗತಿಯ ಹುಡುಗಿಯ ಪ್ರಶ್ನೆಗೆ ಉತ್ತರ ಒಂದು ಶತಮಾನದ ಹಿಂದೆಯೇ ಸಿದ್ಧವಾಗಿತ್ತು.

ಹಾಗೆಂದು ಅಪಾಯದ ಮಾತು ಸುಳ್ಳಲ್ಲ. ಮೇರಿ 1934ರ ಜುಲೈ 4ರಂದು ರಕ್ತಹೀನತೆಯ ಒಂದು ಮಾರಕ ರೂಪದಿಂದ ತೀರಿಕೊಂಡರು. ವರ್ಷಗಟ್ಟಲೆ ವಿಕಿರಣಕ್ಕೆ ಮೈಯೊಡ್ಡಿದ್ದು ಅದಕ್ಕೆ ಕಾರಣ. ಸಾಕಷ್ಟು ರಕ್ಷಣೆಯಿಲ್ಲದೆ ಅವರು ಕೆಲಸ ಮಾಡಿದ್ದರು. ಇಂದು ಎಕ್ಸ್‌ರೇ ಕೋಣೆಯಲ್ಲಿ ಸೀಸದ ತಡೆಯಿದೆ. ಸಿಬ್ಬಂದಿಯ ಮೈಮೇಲೆ ಬಿದ್ದ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಇದೆ. ಅಪಾಯ ಗಂಡಿಗೂ ಹೆಣ್ಣಿಗೂ ಉಂಟು, ರಕ್ಷಣೆಯೂ ಇಬ್ಬರಿಗೂ ಉಂಟು. ನಾನು ಹೇಳಬೇಕಿದ್ದದ್ದು ಇಷ್ಟೇ.

ಅಭ್ಯಾಸದ ಕೊನೆಯ ವಾರದಲ್ಲಿ ಅದೇ ತರಗತಿಗೆ ಒಂದು ಚಟುವಟಿಕೆ ಮಾಡಿಸಿದೆ. ಯುದ್ಧಕಾಲದಲ್ಲಿ ದೇಹದೊಳಗಿನ ಗುಂಡಿನ ಆಳ ಕಂಡುಹಿಡಿಯಲು ಕೊಳವೆಯನ್ನು ಸರಿಸಿ ಎರಡು ನೆರಳು ಪಡೆಯುತ್ತಿದ್ದರು. ನಾವು ಟಾರ್ಚನ್ನು ಮೇಜಿನಿಂದ 50 ಸೆಂ.ಮೀ. ಎತ್ತರದಲ್ಲಿ ಹಿಡಿದೆವು. ನಡುವೆ ದಾರಕ್ಕೆ ಕಟ್ಟಿದ ನಾಣ್ಯ, ಕೆಳಗೆ ಗ್ರಾಫ್ ಹಾಳೆ. ಟಾರ್ಚನ್ನು 10 ಸೆಂ.ಮೀ. ಸರಿಸಿದಾಗ ನೆರಳು ಎರಡೂವರೆ ಸೆಂ.ಮೀ. ಸರಿಯಿತು. ಸಮರೂಪ ತ್ರಿಭುಜಗಳ ಲೆಕ್ಕ ಮಾಡಿ, ನಾಣ್ಯ ಹಾಳೆಯಿಂದ 10 ಸೆಂ.ಮೀ. ಮೇಲಿದೆ ಎಂದು ಮೊದಲು ಹೇಳಿದವಳು ಆ ಹುಡುಗಿಯೇ. ಸ್ಕೇಲು ಹಿಡಿದು ಅಳೆದೆವು, ಸರಿಯಿತ್ತು.

ಆಮೇಲೆ ಇಡೀ ತರಗತಿಯ ಮುಂದೆ ನನ್ನ ಹಿಂದಿನ ಉತ್ತರ ತಪ್ಪಾಗಿತ್ತು ಎಂದೆ. ಎಕ್ಸ್‌ರೇ ತೆಗೆಯುವವರು ಡಾಕ್ಟರರೇ ಆಗಬೇಕಿಲ್ಲ, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೇ ಇದರ ಪದವಿ ಇದೆ ಎಂದು ತಿಳಿಸಿದೆ. ಅವಳು ಏನೂ ಹೇಳದೆ, ಕೋರ್ಸಿನ ಹೆಸರನ್ನು ಗ್ರಾಫ್ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು.