ಬರಿಗೈಯ ವಾದ್ಯಗಾರ ಚಾನೋ ಪೋಸೊ

ಅಮೆರಿಕದ ಜಾಝ್ ಸಂಗೀತಕ್ಕೆ ಕ್ಯೂಬಾ ದ್ವೀಪದ ತಾಳವನ್ನು ತಂದುಕೊಟ್ಟವರಲ್ಲಿ ಚಾನೋ ಪೋಸೊ ಅಗ್ರಗಣ್ಯನು. ಆತನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಇಂಗ್ಲಿಷು ಬಾರದೆಯೇ ನ್ಯೂಯಾರ್ಕ್ ಸೇರಿದ್ದನು.

ಲೂಸಿಯಾನೊ ಪೋಸೊ ಗೊನ್ಸಾಲೆಸ್ ಎಂಬುದು ಪೂರ್ಣ ನಾಮಧೇಯ. 1915ನೇ ಇಸವಿ ಜನವರಿ 7ರಂದು ಹವಾನಾ ನಗರದ ಬಡ ಕುಟುಂಬವೊಂದರಲ್ಲಿ ಜನಿಸಿದನು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಅಲ್ಲಿ ಒಂದೇ ಅಂಗಳದ ಸುತ್ತಣ ಇಕ್ಕಟ್ಟಾದ ಕೋಣೆಗಳಲ್ಲಿ ವಾಸಿಸುತ್ತಿದ್ದರು. ಮುಂಬಯಿಯ ಚಾಳುಗಳನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಲಕನು ಬೂಟು ಪಾಲಿಶ್ ಮಾಡಿದನು, ಪತ್ರಿಕೆ ಮಾರಿದನು, ಕೆಲಕಾಲ ಬಾಲಾಪರಾಧಿಗಳ ಶಾಲೆಯಲ್ಲಿಯೂ ಇದ್ದನು. ಅಬಾಕುವಾ ಎಂಬ ಆಫ್ರಿಕ ಮೂಲದ ರಹಸ್ಯ ಸಂಘದ ವಿಧಿಗಳೂ ಹವಾನಾದ ಕಾರ್ನಿವಲ್ ಮೆರವಣಿಗೆಗಳೂ ಆತನ ಪಾಠಶಾಲೆಗಳಾದವು. ಅಲ್ಲಿ ಬಾರಿಸಿದನು, ಕುಣಿದನು, ಹಾಡು ಕಟ್ಟಿದನು. ಹಾಡುಗಳು ಪ್ರಸಿದ್ಧವಾದವು, ಆದರೆ ಅವುಗಳ ಸಂಭಾವನೆ ಕೇಳಲು ಹೋಗಿ ಜಗಳವಾಗಿ ಗುಂಡೇಟು ತಿಂದನೆಂದು ಚರಿತ್ರಕಾರರು ಬರೆದಿದ್ದಾರೆ. ದುಡಿದವನು ತನ್ನ ಪಾಲನ್ನು ಕೇಳಿದರೆ ಆಗುವ ಗತಿ ಎಲ್ಲ ಊರುಗಳಲ್ಲಿಯೂ ಒಂದೇ ಎಂದು ತೋರುತ್ತದೆ.

1947ರ ಆರಂಭದಲ್ಲಿ ಆತನು ನ್ಯೂಯಾರ್ಕಿನಲ್ಲಿದ್ದನು. ಅಲ್ಲಿ ಕ್ಯೂಬಾದವನೇ ಆದ ಮಾರಿಯೋ ಬೌಸಾ ಎಂಬ ಹಿರಿಯ ವಾದಕನು ಆತನನ್ನು ಪ್ರಖ್ಯಾತ ತುತ್ತೂರಿಗಾರ ಡಿಜ್ಜಿ ಗಿಲೆಸ್ಪಿಗೆ ಪರಿಚಯಿಸಿದನು. ಊರಿನವನೊಬ್ಬನ ಒಂದು ಮಾತಿನಿಂದ ಪರಸ್ಥಳದಲ್ಲಿ ನೆಲೆ ದೊರಕುವುದನ್ನು ನಾವೂ ಕಂಡವರೇ. ಆ ವರ್ಷದ ಸೆಪ್ಟೆಂಬರ್ 29ರಂದು ಕಾರ್ನೆಗಿ ಹಾಲಿನಲ್ಲಿ ಗಿಲೆಸ್ಪಿಯ ವಾದ್ಯವೃಂದದೊಡನೆ ಚಾನೋ ಕಾಂಗಾ ಬಾರಿಸಿದನು. ಕಾಂಗಾ ಎಂದರೆ ಬರಿಗೈಯಿಂದ ನುಡಿಸುವ ಎತ್ತರದ ಚರ್ಮವಾದ್ಯ. ನಮ್ಮ ಮದ್ದಳೆಯಂತೆ ಎರಡು ಮುಖಗಳಿಲ್ಲ, ಒಂದೇ ಮುಖ.

ಜಾಝಿನ ಪೆಟ್ಟು ಬೀಳುವ ಸ್ಥಳ ಬೇರೆ, ಕ್ಯೂಬಾದ ಪೆಟ್ಟು ಬೀಳುವ ಸ್ಥಳ ಬೇರೆ. ಭಾಷೆಯ ಸಹಾಯವಿಲ್ಲದ್ದರಿಂದ ಗಿಲೆಸ್ಪಿಯು ರಾಗವನ್ನು ಗುನುಗಿ ಆತನಿಗೆ ಸ್ಥಾನವನ್ನು ತೋರಿಸಿಕೊಡುತ್ತಿದ್ದನು. ಚಾನೋ ಸಾಲವಿಟ್ಟುಕೊಳ್ಳಲಿಲ್ಲ. ಊರೂರು ಸುತ್ತುವ ಬಸ್ಸಿನಲ್ಲಿ ವೃಂದದವರ ಕೈಗೆ ಒಂದೊಂದು ವಾದ್ಯ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ತಾಳ ಹಂಚಿ, ಎಲ್ಲವನ್ನೂ ಏಕಕಾಲದಲ್ಲಿ ನುಡಿಸುವುದನ್ನು ಕಲಿಸಿದನು.

ಇಬ್ಬರ ಕೂಟದ ಫಲವೇ ಮಾಂತೆಕಾ ಎಂಬ ಕೃತಿ. ಆ ಪದಕ್ಕೆ ಅಡಿಗೆಗೆ ಬಳಸುವ ಹಂದಿಯ ಕೊಬ್ಬು ಎಂದರ್ಥ. ಹೆಸರು ಕೇಳಿ ಸಸ್ಯಾಹಾರಿಗಳು ಮುಖ ಸಿಂಡರಿಸಬಾರದು. ಮಂದ್ರ ವಾದ್ಯ ಹೀಗೆ, ಸ್ಯಾಕ್ಸೊಫೋನ್ ಹೀಗೆ, ತುತ್ತೂರಿ ಹೀಗೆ ಎಂದು ಚಾನೋ ಒಂದೊಂದನ್ನೂ ಬಾಯಿಯಿಂದ ಹಾಡಿ ತೋರಿಸಿದನು. ಗಿಲೆಸ್ಪಿಯು ನಡುವಣ ಭಾಗವನ್ನು ಸೇರಿಸಿದನು. ಗಿಲ್ ಫುಲ್ಲರ್ ವೃಂದಕ್ಕಾಗಿ ಬರೆದಿಟ್ಟನು. 1947ರ ಡಿಸೆಂಬರ್ 30ರಂದು ಧ್ವನಿಮುದ್ರಣವಾಯಿತು. ಕೃತಿಕಾರರ ಪಟ್ಟಿಯಲ್ಲಿ ಅಕ್ಷರಸ್ಥರಿಬ್ಬರ ಜೊತೆಗೆ ಚಾನೋ ಹೆಸರೂ ಅಚ್ಚಾಯಿತು. ನಮ್ಮ ಅಭಿಪ್ರಾಯದಲ್ಲಿ ಗಿಲೆಸ್ಪಿಯ ದೊಡ್ಡತನವು ತುತ್ತೂರಿಯಲ್ಲಿ ಎಷ್ಟಿದೆಯೋ ಈ ಒಂದು ನ್ಯಾಯದಲ್ಲಿಯೂ ಅಷ್ಟೇ ಇದೆ.

1948ರಲ್ಲಿ ಯೂರೋಪ್ ಪ್ರವಾಸವಾಯಿತು. ಅದೇ ವರ್ಷದ ಕೊನೆಯಲ್ಲಿ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ವಾದ್ಯಗಳು ಕಳವಾದವು. ಚಾನೋ ನ್ಯೂಯಾರ್ಕಿಗೆ ಹಿಂದಿರುಗಿದನು. ಡಿಸೆಂಬರ್ 2ರಂದು ಹಾರ್ಲೆಮಿನ ಮದ್ಯದಂಗಡಿಯೊಂದರಲ್ಲಿ, ಗಾಂಜಾದ ವ್ಯವಹಾರದ ಜಗಳವೆಂದು ಹೇಳುತ್ತಾರೆ, ತನ್ನ ದೇಶದವನ ಗುಂಡಿಗೇ ಬಲಿಯಾದನು. ವಯಸ್ಸು 33.

ಮಾಂಬೊ ನೃತ್ಯದ ಭರಾಟೆಯನ್ನು ಆತನು ಕಾಣಲಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಪಲ್ಲಾಡಿಯಂ ನೃತ್ಯಶಾಲೆಯಲ್ಲಿ ಕರಿಯರು, ಬಿಳಿಯರು, ಸ್ಪ್ಯಾನಿಷ್ ಭಾಷಿಕರು ಒಂದೇ ನೆಲದ ಮೇಲೆ ಕುಣಿದರು. ಅವರ ಹೆಜ್ಜೆಗಳ ಹಿಂದೆ ಕಾಂಗಾ ನುಡಿಯುತ್ತಿತ್ತು. ಗಿಲೆಸ್ಪಿಯು 1954ರಲ್ಲಿ ಮಾಂತೆಕಾವನ್ನು ದೀರ್ಘಕೃತಿಯಾಗಿ ಮತ್ತೆ ಮುದ್ರಿಸಿದನು. ಚಾನೋ ಆತನ ವೃಂದದಲ್ಲಿ ಇದ್ದದ್ದು ಸುಮಾರು ಹದಿನಾಲ್ಕು ತಿಂಗಳು ಮಾತ್ರ.