ದಿವಾನರ ಪಿಂಚಣಿ ಮತ್ತು ಅಧಿಕಾರಿಯ ಸ್ವಾತಂತ್ರ್ಯ

ಸರ್ಕಾರಿ ಅಧಿಕಾರಿಯೊಬ್ಬರು ರಾಜಕೀಯ ಸ್ವರೂಪದ ತಾತ್ಕಾಲಿಕ ಹುದ್ದೆಗೆ ಹೋದಾಗ ಅವರ ಮೂಲ ಹುದ್ದೆಗೆ ರಕ್ಷಣೆ ಇರಬೇಕೇ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. ಅವರು ಕಟ್ಟಿದ್ದನ್ನು ನಾವು ಸ್ಮರಿಸುತ್ತೇವೆ. ಅವರು ಹುದ್ದೆಗಳನ್ನು ತೊರೆದ ಬಗೆಯೂ ಅಷ್ಟೇ ವಿಚಾರಾರ್ಹ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದ ಅವರು 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾದರು. ಪಿಂಚಣಿಗೆ ಅಗತ್ಯವಾದ 25 ವರ್ಷಗಳ ಸೇವೆ ಪೂರ್ಣಗೊಂಡಿರದಿದ್ದರೂ ಸರ್ಕಾರ ಪಿಂಚಣಿ ಮಂಜೂರು ಮಾಡಿತು. ಮೂಸಿ ನದಿಯ ಪ್ರವಾಹಕ್ಕೆ ತುತ್ತಾಗಿದ್ದ ಹೈದರಾಬಾದಿಗೆ ತಾಂತ್ರಿಕ ಸಲಹೆ ನೀಡಿದ ಬಳಿಕ, 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ, 1912ರಲ್ಲಿ ದಿವಾನರಾದರು.

ದಿವಾನಗಿರಿ ಮಹಾರಾಜರ ವಿಶ್ವಾಸವನ್ನು ಅವಲಂಬಿಸಿದ ಹುದ್ದೆ. ಆ ಅವಧಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಈ ನೀತಿಯಿಂದ ಆಡಳಿತದ ದಕ್ಷತೆ ಕುಗ್ಗೀತೆಂದು ದಿವಾನರು ಭಾವಿಸಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಮೂಡಿದ ಭಿನ್ನಾಭಿಪ್ರಾಯ ಬಗೆಹರಿಯದೆ, ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರದಿಂದ ದೂರ ಸರಿದರು.

ಆ ವಿವಾದದಲ್ಲಿ ಮಹಾರಾಜರ ನಿಲುವೇ ನ್ಯಾಯಯುತವಾಗಿತ್ತೆಂಬುದು ನನ್ನ ಅಭಿಪ್ರಾಯ. ಆದರೆ ತಾವು ಒಪ್ಪದ ನೀತಿಯನ್ನು ಕೇವಲ ಹುದ್ದೆಗಾಗಿ ಸಮರ್ಥಿಸುವ ಅನಿವಾರ್ಯತೆ ದಿವಾನರಿಗಿರಲಿಲ್ಲ. ಅದಕ್ಕೆ ಅವರ ವ್ಯಕ್ತಿತ್ವದ ದೃಢತೆಯೇ ಪ್ರಧಾನ ಕಾರಣ. ಮುಂಬಯಿಯಲ್ಲಿ ದುಡಿದು ಗಳಿಸಿದ ಪಿಂಚಣಿ ಮೈಸೂರಿನ ಯಾರ ಮರ್ಜಿಗೂ ಒಳಪಟ್ಟಿರಲಿಲ್ಲವೆಂಬುದನ್ನೂ ಮರೆಯಲಾಗದು.

ಇಂದು ಸಚಿವರ ಆಪ್ತ ಕಾರ್ಯದರ್ಶಿಯಾಗಿ ನಿಯೋಜನೆಗೊಳ್ಳುವ ಅಧಿಕಾರಿಗೆ ಮೂಲ ಹುದ್ದೆಯ ಮೇಲಿನ ಹಕ್ಕು ನಿಯಮಗಳಲ್ಲಿದೆ. ಸಂವಿಧಾನದ 311ನೇ ವಿಧಿ ಅವರನ್ನು ಏಕಾಏಕಿ ವಜಾ ಮಾಡದಂತೆ ತಡೆಯುತ್ತದೆ. ಸರ್ಕಾರ ಬದಲಾದಾಗ ಸ್ಥಳನಿಯುಕ್ತಿಗಾಗಿ ತಿಂಗಳುಗಟ್ಟಲೆ ಕಾಯಿಸುವುದನ್ನಾಗಲಿ, ಅಮುಖ್ಯ ಹುದ್ದೆಗೆ ತಳ್ಳುವುದನ್ನಾಗಲಿ ಅದು ತಡೆಯದು. ಈ ಭೀತಿಯುಳ್ಳ ಅಧಿಕಾರಿ ಸಚಿವರಿಗೆ ಅಪ್ರಿಯ ಸತ್ಯವನ್ನು ಹೇಳುವುದು ಕಷ್ಟ.

ಆದುದರಿಂದ ಇಂತಹ ನಿಯೋಜನೆಗೆ ನಿಗದಿತ ಕಾಲಮಿತಿ ಇರಬೇಕು, ಅವಧಿ ಮುಗಿದೊಡನೆ ಸಮಾನ ದರ್ಜೆಯ ಹುದ್ದೆ ದೊರೆಯಬೇಕು, ಜ್ಯೇಷ್ಠತೆಗೆ ಧಕ್ಕೆಯಾಗಬಾರದು. ಅದೇ ವೇಳೆ, ಸಚಿವರ ಸಾಮೀಪ್ಯವು ಬಡ್ತಿಗೆ ಹೆಚ್ಚುವರಿ ಅರ್ಹತೆಯೂ ಆಗಕೂಡದು. ಈ ರಕ್ಷಣೆ ಅಧಿಕಾರಿಗೆ ನೀಡುವ ರಿಯಾಯಿತಿಯಲ್ಲ. ನಿರ್ಭೀತ ಸಲಹೆ ಪಡೆಯಲು ಸರ್ಕಾರ ತೆರಬೇಕಾದ ಅಲ್ಪ ಬೆಲೆ.